ಕ್ಯಾಲಿಫೋರ್ನಿಯಾ ಕೋರ್ಟ್ ಪೇಪರ್ ಬಂದಿದೆ, ಇದ್ರಲ್ಲಿ ಯಾರು ಏನು ಅಂತ ಹೇಳ್ತೀರಾ ಸರ್?

ಪ್ರಶ್ನೆ: ಸರ್ ನಮಸ್ಕಾರ, ನಮ್ ಅಕ್ಕನ ಮಗ ಎಫ್-1 ವೀಸಾದಲ್ಲಿ ಎಂಎಸ್ ಓದ್ತಿದಾನೆ, ಸೆಲ್ಫ್ ಚೆಕೌಟ್‌ನಲ್ಲಿ ಎರಡು ಐಟಂ ಸ್ಕ್ಯಾನ್ ಮಾಡ್ದೆ ತಂದ ಅಂತ ಪೆಟಿ ಥೆಫ್ಟ್ (ಸಣ್ಣ ಕಳ್ಳತನ) ಕೇಸ್ ಹಾಕಿದಾರೆ. ಪೇಪರ್‌ನಲ್ಲಿ ಅಂಗಡಿ ಹೆಸ್ರೇ ಇಲ್ಲ, 'ದ ಪೀಪಲ್' ವರ್ಸಸ್ ಇವನ ಹೆಸ್ರು ಅಂತಿದೆ. ಅರೇನ್‌ಮೆಂಟ್‌ಗೆ, ಅಂದ್ರೆ ಕೋರ್ಟಿನ ಮೊದಲ ಹಾಜರಿಗೆ, ಡೇಟ್ ಕೊಟ್ಟಿದಾರೆ. ಅಂಗಡಿಯವ್ರ ಹತ್ರ ದುಡ್ಡು ಕಟ್ಟಿ ರಾಜಿ ಆಗ್ಬೋದಾ? ಅಕ್ಕ ಊಟಾನೇ ಸರಿಯಾಗಿ ಮಾಡ್ತಿಲ್ಲ.

ಉತ್ತರ (ವಕೀಲರು): ಅಕ್ಕನಿಗೆ ಧೈರ್ಯ ಹೇಳಿ, ಇದು ಮಿಸ್‌ಡಿಮೀನರ್, ಅಂದ್ರೆ ಸಣ್ಣ ಅಪರಾಧ, ಫೆಲನಿ ಅನ್ನೋ ದೊಡ್ಡ ಅಪರಾಧ ಅಲ್ಲ. ಕೇಸ್ ನಡೆಸೋದು ಸ್ಟೇಟ್ ಪರವಾಗಿ ಡಿಎ, ಅಂದ್ರೆ ಡಿಸ್ಟ್ರಿಕ್ಟ್ ಅಟಾರ್ನಿ, ಅದಕ್ಕೇ ಅಂಗಡಿ ಹೆಸ್ರಿಲ್ಲ. ಲಾಸ್ ಏಂಜಲೀಸ್ ಸಿಟಿ ಒಳಗಾದ್ರೆ ಇಂಥ ಸಣ್ಣ ಕೇಸು ಸಿಟಿ ಅಟಾರ್ನಿ ನೋಡ್ತಾರೆ. ಡಿಎ ಅಲ್ಲಿ ಓಟಲ್ಲಿ ಗೆದ್ದು ಬರೋರು, ನಮ್ ಪಬ್ಲಿಕ್ ಪ್ರಾಸಿಕ್ಯೂಟರ್ ಥರ ಸರ್ಕಾರ ನೇಮಿಸೋದಲ್ಲ. ಅಂಗಡಿಯವ್ರು ಬೇಡ ಅಂದ ಮಾತ್ರಕ್ಕೆ ಕೇಸ್ ಮುಗಿಯಲ್ಲ. ಸಿವಿಲ್ ಕಾಂಪ್ರಮೈಸ್ ಅಂತ, ಅಂಗಡಿಗೆ ನಷ್ಟ ಕಟ್ಟಿಕೊಟ್ಟು ರಾಜಿ ಆಗೋ ಒಂದು ದಾರಿ ಇದೆ, ಆದ್ರೆ ಜಡ್ಜ್ ಒಪ್ಪಬೇಕು, ಲಾಯರ್ ಮೂಲಕಾನೇ ಹೋಗಿ, ಹುಡುಗ ತಾನೇ ಅಂಗಡಿಗೆ ಫೋನ್ ಮಾಡಿ ಸಾರಿ ಗೀರಿ ಅನ್ನೋದು ಬೇಡ.

ಅರೇನ್‌ಮೆಂಟ್ ದಿನ ವಿಚಾರಣೆ ಏನೂ ಇರಲ್ಲ, ಆರೋಪ ಓದಿ ಪ್ಲೀ, ಅಂದ್ರೆ ತಪ್ಪು ಒಪ್ತೀಯಾ ಇಲ್ವಾ ಅಂತ, ಕೇಳ್ತಾರೆ ಅಷ್ಟೆ. 'ಫೈನ್ ಕಟ್ಟಿ ಮುಗಿಸ್ಕೋ' ಅಂತ ಆಫರ್ ಬರ್ಬೋದು, ಹುಡುಗ್ರು ಖುಷಿಯಾಗಿ ಗಿಲ್ಟಿ ಅಂದ್ಬಿಡ್ತಾರೆ, ಆಮೇಲೆ ವೀಸಾ ಸ್ಟಾಂಪಿಂಗ್‌ನಲ್ಲಿ ಸಿಕ್ಕಾಕೊಳ್ತಾರೆ. ಡೈವರ್ಶನ್ (ಕೋರ್ಟ್ ಹೇಳಿದ ಷರತ್ತು ಪೂರೈಸಿದ್ರೆ ಕೇಸ್ ಬಿಡೋ ವ್ಯವಸ್ಥೆ) ಮುಗಿಸಿ ಕೇಸ್ ಡಿಸ್ಮಿಸ್ ಆದ್ರೂ, ಮೊದ್ಲು ಗಿಲ್ಟಿ ಒಪ್ಕೊಂಡಿದ್ರೆ ಇಮಿಗ್ರೇಶನ್‌ನವ್ರು ಅದನ್ನ ಕನ್ವಿಕ್ಷನ್ (ಅಪರಾಧ ಸಾಬೀತು) ಅಂತ್ಲೇ ಹಿಡೀಬೋದು. ಪ್ಲೀಯಿಂದ ಗಡೀಪಾರಾಗೋ ಅಪಾಯ ಇದ್ರೆ ಕ್ರಿಮಿನಲ್ ಲಾಯರ್ರೇ ಅದನ್ನ ಕಕ್ಷಿದಾರನಿಗೆ ತಿಳಿಸ್ಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರ ಪಡೀಯಾ ಕೇಸಲ್ಲಿ ಹೇಳಿದೆ, ಹಂಗಾಗಿ ಬಾಯ್ಬಿಟ್ಟು ಕೇಳ್ಲಿ.

ಇನ್ನೊಬ್ಬರು: ಪಬ್ಲಿಕ್ ಡಿಫೆಂಡರ್ (ಆರೋಪಿಗೆ ಕೋರ್ಟ್ ಕೊಡೋ ಸರ್ಕಾರಿ ಲಾಯರ್) ಬೇಡ ಗುರು, ಸರ್ಕಾರಿ ಸಂಬಳ, ಡಿಎ ಕಡೆಯವ್ರೇ ಆಗಿರ್ತಾರೆ.

ಉತ್ತರ: ತಪ್ಪು ಸರ್. ಸಂಬಳ ಯಾರೇ ಕೊಡ್ಲಿ, ಅವ್ರು ನಿಮ್ ಹುಡುಗನ ಲಾಯರ್ರೇ, ಅವನು ಹೇಳಿದ ಗುಟ್ಟು ಡಿಎಗೆ ಹೋಗಲ್ಲ. ದಿನಾ ಅದೇ ಜಡ್ಜ್ ಮುಂದೆ ನಿಲ್ಲೋದ್ರಿಂದ ಅಲ್ಲಿನ ಒಳಹೊರಗು ಚೆನ್ನಾಗಿ ಗೊತ್ತಿರುತ್ತೆ. ಕೈಲಿ ಕೇಸು ಜಾಸ್ತಿ, ಫೋನ್ ಎತ್ತಲ್ಲ, ಅದೊಂದು ನಿಜ. ದುಡ್ಡಿಲ್ಲ ಅಂತ ಕೋರ್ಟಿಗೆ ತೋರಿಸಿದ್ರೆ ಮಾತ್ರ ಸಿಗ್ತಾರೆ.

ಪ್ರಶ್ನೆ: ಜೂರಿ (ತೀರ್ಪು ಹೇಳೋ ಜನಸಾಮಾನ್ಯರ ಗುಂಪು) ಮುಂದೆ ಹೋಗ್ಬೇಕಾ ಸರ್?

ಉತ್ತರ: ಹಕ್ಕಿದೆ, 12 ಜನಾನೂ ಒಪ್ಪಿದ್ರೇನೇ ಗಿಲ್ಟಿ. ಆದ್ರೆ ಹೆಚ್ಚಿನ ಕೇಸು ಅಲ್ಲೀವರ್ಗೂ ಹೋಗೋದೇ ಇಲ್ಲ. ಡೇಟ್ ಮಾತ್ರ ತಪ್ಪಿಸ್ಬೇಡಿ, ಬೆಂಚ್ ವಾರಂಟ್, ಅಂದ್ರೆ ಜಡ್ಜ್ ಹೊರಡಿಸೋ ಅರೆಸ್ಟ್ ವಾರಂಟ್, ಬರುತ್ತೆ.