ಸಮಸ್ಯೆ: ಕೆರೆಯೊಳಗೆ ನಿಂತು ಹೂ ಮಾರುತಿಹರಲ್ಲ!

ಮೇಷ್ಟ್ರು:
ಈ ವಾರದ ಸಮಸ್ಯೆ ಬೆಂಗಳೂರಿನ ಹಳೇ ಪೇಟೆಯದು. ಪದ್ಯದ ಕೊನೆಯ ಸಾಲು ಮೇಲಿದೆ, ಅದಕ್ಕೆ ಅರ್ಥ ಕೂಡಿಬರುವ ಹಾಗೆ ಉಳಿದ ಮೂರು ನಿಮ್ಮವು. ಐದು ಮಾತ್ರೆಯ ಗಣ, ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ. ಕೆರೆಯಲ್ಲಿ ವ್ಯಾಪಾರ ಹೇಗೆ ಅಂತ ನನ್ನನ್ನು ಕೇಳಬೇಡಿ.

ಚಿಕ್ಕಪೇಟೆ ಹುಡುಗ:
ಹೂ ಮಾರೋ ಕೆ.ಆರ್. ಮಾರ್ಕೆಟ್ ಅನ್ನೋದನ್ನ ಬೇಗ ಬೇಗ ಹೇಳಿದರೆ 'ಕೆರೆ ಮಾರ್ಕೆಟ್' ಆಗುತ್ತೆ ಮೇಷ್ಟ್ರೇ. ಮುಗೀತಲ್ವಾ?

ಮೇಷ್ಟ್ರು:
ಪದ್ಯ ಎಲ್ಲಪ್ಪಾ?

ತರಗುಪೇಟೆ ಮೊಮ್ಮಗಳು:
ನೆರೆತುಂಬಿ ನೀರಿತ್ತು ಸಿದ್ದಿಕಟ್ಟೆಯಲಂದು
ಬರಿದಾಯ್ತು, ಯುದ್ಧವೂ ನಡೆದುಹೋಯ್ತಲ್ಲಿ
ಇರುಳು ಜಾರುವ ಮುನ್ನ ಮೂಟೆ ಬಿಚ್ಚುವ ಮಂದಿ
ಕೆರೆಯೊಳಗೆ ನಿಂತು ಹೂ ಮಾರುತಿಹರಲ್ಲ!

ಮಾರ್ಕೆಟ್ ಇರುವ ಜಾಗದಲ್ಲಿ ಮೊದಲು ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಒಂದು ಕಡೆ ಕೋಟೆ, ಇನ್ನೊಂದು ಕಡೆ ಪೇಟೆ. 1791ರ ಮಾರ್ಚ್ 7ರಂದು ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನಿಂದ ಪೇಟೆಗೆ ನುಗ್ಗಿತು. 21ರ ರಾತ್ರಿ ಕೋಟೆಯೂ ಟಿಪ್ಪುವಿನ ಕೈಬಿಟ್ಟಿತು. ಮಾರುಕಟ್ಟೆ ಕಟ್ಟಿ ಕೃಷ್ಣರಾಜೇಂದ್ರ ಒಡೆಯರ ಹೆಸರಿಟ್ಟದ್ದು ಎಷ್ಟೋ ಕಾಲದ ನಂತರ.

ಮೇಷ್ಟ್ರು:
'ಮೂಟೆ ಬಿಚ್ಚುವ ಮಂದಿ' ಸೊಗಸಾಗಿದೆ. ಒಂದು ತಕರಾರು: ಬರಿದಾದ ಮೇಲೆ ಅದು ಕೆರೆ ಹೇಗಮ್ಮಾ?

ತರಗುಪೇಟೆ ಮೊಮ್ಮಗಳು:
ಅವೆನ್ಯೂ ರಸ್ತೆಗೆ ನಮ್ಮಜ್ಜಿ ಈಗಲೂ ದೊಡ್ಡಪೇಟೆ ಅಂತಾರೆ. ಕೆರೆಗೆ ಮಾತ್ರ ಯಾಕೆ ಬೇರೆ ನ್ಯಾಯ?

ಮೇಷ್ಟ್ರು:
ಸರಿ, ಸೋತೆ.

ಚಿಕ್ಕಪೇಟೆ ಹುಡುಗ:
ಅಕ್ಕಾ, ಅಷ್ಟು ಹಿಂದೆ ಯಾಕೆ ಹೋಗಬೇಕು? ಹೋದ ಮಳೆಗಾಲದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಎರಡು ಮಾರು ಸೇವಂತಿಗೆ ಕೊಂಡವನು ನಾನು. ಚಪ್ಪಲಿ ಒಂದು ಹೋಯ್ತು, ಪದ್ಯ ಒಂದು ಬಂತು:

ಸುರಿದ ಒಂದೇ ಮಳೆಗೆ ಪೇಟೆಯೆಲ್ಲವು ನೀರು
ಹರಿವುದಕೆ ದಾರಿಯೆಲ್ಲೆಲ್ಲು ಕಾಣದಿರೆ
ಸೆರಗ ಸೊಂಟಕೆ ಕಟ್ಟಿ ಹೂವಾಡಗಿತ್ತಿಯರು
ಕೆರೆಯೊಳಗೆ ನಿಂತು ಹೂ ಮಾರುತಿಹರಲ್ಲ!

ತರಗುಪೇಟೆ ಮೊಮ್ಮಗಳು:
ಅಯ್ಯೋ, ಇದು ನನ್ನದಕ್ಕಿಂತ ಚೆನ್ನಾಗಿದೆ ಕಣೋ! ಮೂರನೇ ಸಾಲು ಓದಿದರೆ ಆ ಹೆಂಗಸರು ಎದುರಿಗೇ ನಿಂತ ಹಾಗಿದೆ.

ಮೇಷ್ಟ್ರು:
ನನಗೂ ಹಾಗೇ ಅನ್ನಿಸಿತು. ಸಾಲು ಕೊಡುವಾಗ ನನ್ನ ತಲೆಯಲ್ಲಿ ಇದ್ದದ್ದು ಸಿದ್ದಿಕಟ್ಟೆ ಮಾತ್ರ. ಮಳೆ ಹೊಳೆದಿರಲಿಲ್ಲ. ಬಹುಮಾನ ಇಬ್ಬರಿಗೂ ಒಂದೊಂದು ಮೊಳ ಮಲ್ಲಿಗೆ. ದುಡ್ಡು ನೀವೇ ಕೊಡಿ.

ಮುಂದಿನ ವಾರಕ್ಕೂ ಅದೇ ಸೀಮೆ. ಬಳೆಪೇಟೆಯಲ್ಲಿ ಈಗ ಸಂಗೀತ ವಾದ್ಯದ ಅಂಗಡಿಗಳಿವೆ, ನಿಮಗೆ ಗೊತ್ತು. ಆ ಸುಲಭದ ದಾರಿ ಬಿಟ್ಟು, ಕೊನೆಯ ಪದಕ್ಕೆ 'ಅಪ್ಪ' ಅಂತ ಅರ್ಥ ಹಚ್ಚಿ ಪೂರೈಸಿ ನೋಡೋಣ:

ಬಳೆಯ ಪೇಟೆಗೆ ಹೋಗಿ ವೀಣೆಯನು ತಂದೆ