ಕಾಪು ಕಡೆ ಬಂದೀವಿ, ಇಲ್ಲಿ ಮಂದಿ ಯಾಕ ಮನಿಗೆ ಬರಂಗಿಲ್ರಿ?

ಗುಳೇದಗುಡ್ಡದ ಸೊಸಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಬಾಗಲಕೋಟಿ ಜಿಲ್ಲಾ, ಗುಳೇದಗುಡ್ಡದ ಹತ್ರ ಹಳ್ಳಿ. ನಮ್ಮನಿಯವ್ರು ಬ್ಯಾಂಕಿನಾಗ ಅದಾರ, ಟ್ರಾನ್ಸ್‌ಫರ್ ಆಗಿ ಈ ಜೂನಿನಾಗ ಉಡುಪಿ ಜಿಲ್ಲಾ ಕಾಪು ಹತ್ರ ಬಂದೀವಿ, ನಾನು, ಅವ್ರು, ಸಾಲಿಗೆ ಹೋಗೂ ಮಗಳು, ಮತ್ತ ನಮ್ಮ ಅತ್ತಿಯವ್ರು. ಊರು ಛಲೋ ಐತ್ರಿ, ಮಂದಿ ಗದ್ದಲ ಮಾಡಂಗಿಲ್ಲ, ಅಂಗಡಿಯಾಗ ಚಿಲ್ರೆ ಸೈತ ಎಣಿಸಿ ಕೈಯಾಗ ಇಡ್ತಾರ, ಬಸ್ಸಿನಾಗ ಹೆಣ್ಮಕ್ಕಳು ಒಬ್ರ ಓಡಾಡಾಕ ಅಂಜಿಕಿಲ್ಲ.

ಆದ್ರ ಒಂದು ಮಾತ್ರ ತಿಳೀವಲ್ದು. ಇಲ್ಲಿ ಯಾರೂ ಯಾರ ಮನಿಗೂ ಸುಮ್ಮನ ಹೋಗಂಗಿಲ್ಲೇನ್ರಿ? ನಮ್ಮೂರಾಗ ಮುಂಜಾನೆ ಕಸಾ ಹೊಡದು ಬಾಗಲಿಗೆ ನೀರು ಹಾಕೂದ್ರಾಗ ಮೂರು ಮಂದಿ ಮಾತಾಡ್ಸಿ ಹೋಗಿರ್ತಾರ, ಮಧ್ಯಾಹ್ನ ಕಟ್ಟಿ ಮ್ಯಾಲೆ ಕುಂತು ಒಬ್ರು ಕೌದಿ ಹೊಲೀತಾರ ಒಬ್ರು ಶೇಂಗಾ ಸುಲೀತಾರ, ಯಾರ ಮನ್ಯಾಗ ಏನ್ ಪಲ್ಯ ಆಗೇತಿ ಅಂತ ಇಡೀ ಓಣಿಗೆ ಗೊತ್ತಿರತೈತಿ. ಇಲ್ಲಿ ಗೇಟ್ ಹಾಕಿರ್ತಾರ, ಒಳಗ ನಾಯಿ, ಬೆಲ್ ಹೊಡದ್ರ ಜಗಲಿ ಮ್ಯಾಲೆ ನಿಂತು ನಕ್ಕೋತ ಮಾತಾಡ್ತಾರ, ನೀರು ಕೊಡ್ತಾರ, ಆದ್ರ ಏನ್ ಕೆಲಸಕ್ಕ ಬಂದ್ರಿ ಅನ್ನೂ ಥರಾ ನೋಡ್ತಾರ.

ಪಂಚಮಿಗೆ ಅತ್ತಿಯವ್ರು ಶೇಂಗಾ ಉಂಡಿ, ಎಳ್ಳ ಉಂಡಿ, ಅಳ್ಳಿಟ್ಟು ಎಲ್ಲಾ ಮಾಡಿದ್ರು. ನಮ್ಮ ಕಡೆ ರೊಟ್ಟಿ ಹಬ್ಬದಿಂದನ ಮನಿಮನಿಗೆ ಕೊಟ್ಟು ತಗೊಳ್ಳೂದು ಸುರು ಆಗತೈತಲ್ರಿ. ಮಳಿಯಾಗ ಸೆರಗು ಹೊತ್ಕೊಂಡು ಡಬ್ಬಿ ಹಿಡ್ಕೊಂಡು ಬಾಜೂ ಮನಿಗೆ ಹೋದ್ರ, ಅವ್ರು ಅವಸರದಾಗ ಡಬ್ಬಿ ಇಸ್ಕೊಂಡು "ನಮಗೆ ಬನಕ್ಕೆ ಹೋಗ್ಲಿಕ್ಕುಂಟು" ಅಂದು ಕಾರು ಹತ್ತಿ ಹೋಗಿಬಿಟ್ರಂತ. ಅವತ್ತಿಂದ ಅತ್ತಿಯವ್ರು ಹೊರಗ ಹೋಗೂದ ಬಿಟ್ಟಾರ, ಕಿಡಕಿ ಹತ್ರ ಕುಂತಿರ್ತಾರ, "ಊರಿಗೆ ಕಳಿಸವ್ವಾ" ಅಂತಾರ. ಅವ್ರನ್ನ ಒಬ್ಬಾಕಿನ್ನ ಊರಿಗೆ ಕಳಸಾಕ ನಮಗ ಮನಸಿಲ್ಲ, ಅಲ್ಲಿ ನೋಡ್ಕೊಳ್ಳಾವ್ರು ಯಾರೂ ಇಲ್ರಿ. ಇಲ್ಲಿ ಇದ್ದು ಅನುಭವ ಇದ್ದವ್ರು ಹೇಳ್ರಿ, ನಾವು ಏನ್ ಮಾಡಬೇಕು?

ಪಡುಕಡಲು:
ಅಕ್ಕ, ಓದಿ ತುಂಬಾ ಬೇಜಾರಾಯ್ತು. ನಾನು ಅಲ್ಲೇ ಹತ್ತಿರದವನು. ಮೊದಲು ಪಂಚಮಿಯ ವಿಷಯ ಹೇಳ್ತೇನೆ, ಯಾಕೆಂದ್ರೆ ಅದನ್ನು ನಿಮ್ಮ ಅತ್ತೆಯವರಿಗೆ ಇವತ್ತೇ ಹೇಳ್ಬೇಕು. ಆ ದಿವಸ ಬೆಳಿಗ್ಗೆ ನಮ್ಮಲ್ಲಿ ಯಾರ ಮನೆಗೆ ಹೋದ್ರೂ ಹಾಗೇ ಆಗುದು. ಪ್ರತಿಯೊಬ್ಬರಿಗೂ ಅವರವರ ಕುಟುಂಬದ ಮೂಲದ ನಾಗಬನಕ್ಕೆ, ಅಂದ್ರೆ ನಾಗನ ಕಲ್ಲು ಇರುವ ಮರಗಳ ತೋಪಿಗೆ, ಹೋಗ್ಲಿಕ್ಕೆ ಉಂಟು, ಅದು ಈಗ ಇರುವ ಮನೆಯ ಹತ್ತಿರವೇ ಇರ್ಬೇಕು ಅಂತ ಇಲ್ಲ, ಕಾಪುವಿನಲ್ಲಿ ಇರುವವರ ಮೂಲ ಕಾರ್ಕಳದ ಆಚೆ ಇರ್ಬಹುದು, ಕೆಲವರು ಮುಂಬೈಯಿಂದ ಸಹ ಅದಕ್ಕೆ ಅಂತಲೇ ಬರ್ತಾರೆ. ಸೀಯಾಳ, ಹಾಲು, ಅರಶಿನ ಹುಡಿ, ಅಡಿಕೆಯ ಹಿಂಗಾರ, ಸಿಕ್ಕಿದ್ರೆ ಕೇದಗೆ, ಎಲ್ಲ ಕಟ್ಟಿಕೊಂಡು ಹೊರಡುದು, ಅಲ್ಲಿ ನಾಗನಿಗೆ ತನು, ಅಂದ್ರೆ ಹಾಲು ಸೀಯಾಳ, ಎರೆದು ತಂಬಿಲದ ಪೂಜೆ ಆಗುವ ವರೆಗೆ ಹೆಚ್ಚಿನವರು ಎಂತದೂ ತಿನ್ನುದಿಲ್ಲ. ನಿಮ್ಮ ಅತ್ತೆ ಎದುರು ಒಂದು ಉಂಡೆ ಸಹ ಬಾಯಿಗೆ ಹಾಕದ್ದು ಅದಕ್ಕೇ ಇರ್ಬೇಕು. ಮಧ್ಯಾಹ್ನ ಮನೆಗೆ ಬಂದು ಅರಶಿನ ಎಲೆಯ ಕಡುಬು ಮಾಡಿ ತಿಂದ ಮೇಲೆ ನಮ್ಮ ಹಬ್ಬ. ಅಂದ್ರೆ ನಿಮ್ಮಲ್ಲಿ ಹಬ್ಬ ಓಣಿಯದ್ದು, ನಮ್ಮಲ್ಲಿ ಅದು ಕುಟುಂಬದ್ದು. ಅತ್ತೆಯವರನ್ನು ಯಾರೂ ಸಸಾರ ಮಾಡಿದ್ದಲ್ಲ.

ಇನ್ನು ಸುಮ್ಮನೆ ಮನೆಗೆ ಹೋಗುವ ವಿಷಯ. ಇದಕ್ಕೆ ಮನುಷ್ಯರ ಸ್ವಭಾವಕ್ಕಿಂತ ಜಾಗವೇ ಜಾಸ್ತಿ ಕಾರಣ ಅಂತ ನನಗೆ ಅನಿಸ್ತದೆ. ನಾನು ಕೆಲಸಕ್ಕೆ ಬಾದಾಮಿ, ಹುನಗುಂದ ಕಡೆ ತಿರುಗಿದವನು, ಅಲ್ಲಿ ಊರು ಅಂದ್ರೆ ಒಂದು ಗೋಡೆಗೆ ತಾಗಿ ಇನ್ನೊಂದು ಗೋಡೆ, ಮಾಳಿಗೆ ಮೇಲಿಂದ ಮಾಳಿಗೆಗೆ ನಡೆದು ಹೋಗ್ಬಹುದು, ಹೊಲ ಎಲ್ಲ ಊರಿನ ಹೊರಗೆ. ನಮ್ಮಲ್ಲಿ ಹಾಗೆ ಊರಿನ ನಡು ಅಂತ ಇಲ್ಲವೇ ಇಲ್ಲ. ಗುಡ್ಡದ ಬದಿಯಲ್ಲಿ ಒಂದು ಮನೆ, ಅದರ ಸುತ್ತ ಅದೇ ಮನೆಯ ತೆಂಗು ಕಂಗು, ಕೆಳಗೆ ಬೈಲು, ಬೈಲು ದಾಟಿದ್ರೆ ಇನ್ನೊಂದು ಮನೆ. ಇನ್ನೊಂದು, ಇದು ದೊಡ್ಡ ವಿಷಯ, ನಮ್ಮಲ್ಲಿ ಮನೆಗೊಂದು ಬಾವಿ ಉಂಟು. ನಿಮ್ಮ ಕಡೆ ಹೆಂಗಸರು ಕೊಡ ಹಿಡ್ಕೊಂಡು ಬೋರಿನ ಹತ್ರ, ನಲ್ಲಿ ಹತ್ರ ಸೇರ್ತಾರಲ್ಲ, ದಿನದ ಸುದ್ದಿ ಎಲ್ಲ ಅಲ್ಲೇ ಆಗ್ತದೆ. ನನ್ನ ಅಜ್ಜಿಗೆ ನೀರಿಗೆ ಅಂತ ಅಂಗಳ ದಾಟಿ ಹೋಗುವ ಪ್ರಸಂಗವೇ ಇರ್ಲಿಲ್ಲ. ಅದರ ಮೇಲೆ ಮಳೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಸುತ್ತಮುತ್ತ ಬೀಳ್ತದೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ, ಬಾಗಲಕೋಟೆಯಲ್ಲಿ ಸಾಮಾನ್ಯ ವರ್ಷ 600 ಸಹ ದಾಟುದಿಲ್ಲ. ನೀವು ಬಂದದ್ದೇ ಜೂನಿನಲ್ಲಿ! ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ನಡುವಿಂದ ಆಗಸ್ಟ್ ನಡುವಿನ ವರೆಗೆ, ನಾವು ನಾವೇ ಒಬ್ಬರ ಮುಖ ಒಬ್ಬರು ನೋಡುದು ಕಡಿಮೆ. ಮೇ ಕೊನೆಯಲ್ಲಿ ಪತ್ತನಾಜೆ ಅಂತ ಒಂದು ದಿನ ಉಂಟು, ಅವತ್ತಿಗೆ ದೈವಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ನಿಲ್ತದೆ, ಮತ್ತೆ ದೀಪಾವಳಿ ಕಳೆದ ಮೇಲೆಯೇ ಗೆಜ್ಜೆ ಕಟ್ಟುದು.

ನಮ್ಮ ಜನ ಸೇರುದು ಅಂಥ ಕಡೆ, ಮನೆಬಾಗಿಲಲ್ಲಿ ಅಲ್ಲ. ನಿಮ್ಮ ಹತ್ತಿರ ಭಜನಾ ಮಂದಿರ ಉಂಟಾ ನೋಡಿ, ಇಲ್ಲದೆ ಇರ್ಲಿಕ್ಕಿಲ್ಲ. ವಾರಕ್ಕೊಮ್ಮೆ ಸಂಜೆ ಭಜನೆ ಇರ್ತದೆ, ಅತ್ತೆಯವರನ್ನು ಅಲ್ಲಿಗೆ ಕರ್ಕೊಂಡು ಹೋಗಿ ಹಿಂದೆ ಕೂತ್ಕೊಳ್ಳಿ, ಯಾರೂ ಯಾಕೆ ಬಂದ್ರಿ ಅಂತ ಕೇಳುದಿಲ್ಲ. ಅವರಿಗೆ ದಾಸರ ಪದವೋ ಶರಣರ ವಚನವೋ ಬರ್ತದಾದ್ರೆ ಒಂದು ಹಾಡ್ಲಿ. ನವೆಂಬರ್ ನಂತರ ಗದ್ದೆಯಲ್ಲಿ ಹರಕೆ ಆಟ ಶುರು ಆಗ್ತದೆ, ಕಟೀಲು, ಮಂದಾರ್ತಿ ಮೇಳದ ಆಟಕ್ಕೆಲ್ಲ ಜನ ವರ್ಷಗಟ್ಟಲೆ ಮೊದಲೇ ಬುಕ್ ಮಾಡಿ ಕಾಯ್ತಾರೆ, ಆಡಿಸುವವರು ಊರಿಗೆಲ್ಲ ಊಟ ಹಾಕ್ತಾರೆ. ಕರೆದಿಲ್ಲ ಅಂತ ಕೂತ್ಕೊಳ್ಬೇಡಿ, ಆಟಕ್ಕೆ ಯಾರು ಬೇಕಾದ್ರೂ ಹೋಗ್ಬಹುದು.

ಮಂಡ್ಯದ ಟೀಚರ್:
ನಾನು ಮಂಡ್ಯದವಳು, ಮದುವೆಗೆ ಮುಂಚೆಯಿಂದ ಇಲ್ಲೇ ಟೀಚರ್ ಕೆಲಸ. ಪಡುಕಡಲು ಅವರು ಹೇಳಿದ್ದು ಸರಿಯಾಗೇ ಇದೆ, ಆದ್ರೆ ಅಷ್ಟೇ ಅಲ್ಲ ಅಂತ ನಾನು ಹೇಳಲೇಬೇಕು. ಘಟ್ಟದ ಮೇಲಿಂದ ಬಂದೋರು ಅಂದ್ರೆ ಇಲ್ಲಿ ಒಂದು ಲೆಕ್ಕ ಇದೆ. ಬಾಗಲಕೋಟೆ, ಕೊಪ್ಪಳ, ಗದಗದಿಂದ ಬಂದೋರು ಮಲ್ಪೆ ಬೋಟುಗಳಲ್ಲಿ, ಕಟ್ಟಡದ ಕೆಲಸದಲ್ಲಿ, ರಸ್ತೆ ಕೆಲಸದಲ್ಲಿ ಮೈಮುರಿದು ದುಡೀತಾರೆ, ಈ ಊರುಗಳ ಅರ್ಧ ಮನೆ ಅವರ ಕೈಯಲ್ಲೇ ಎದ್ದಿದೆ ಅಂದ್ರೂ ತಪ್ಪಿಲ್ಲ, ಆದ್ರೂ ಅದೇ ಮಾತಿನ ಧಾಟಿ ಕೇಳಿದ್ರೆ ಬಾಡಿಗೆ ಮನೆಯವರು ಮುಖ ಬಿಗಿ ಮಾಡ್ಕೋತಾರೆ. ಗಂಡ ಬ್ಯಾಂಕಲ್ಲಿ ಅಂತ ಗೊತ್ತಾದ ತಕ್ಷಣ ಮಾತು ಮೆತ್ತಗಾಗುತ್ತೆ. ನನ್ನ ಕ್ಲಾಸಲ್ಲಿ ಅಂಥ ಮನೆಗಳ ಮಕ್ಕಳಿದ್ದಾರೆ, ಒಂದು ವರ್ಷದಲ್ಲಿ ತುಳು ಕಲಿತು ಬಿಡ್ತಾವೆ, ಮನೇಲಿ ಅಪ್ಪ ಅಮ್ಮನಿಗೆ ಅವೇ ತುಳು ಹೇಳ್ಕೊಡ್ತಾವೆ, ಆದ್ರೂ ಬರ್ತ್‌ಡೇಗೆ ಅವರನ್ನ ಕರೆಯೋರು ಕಮ್ಮಿ. ಇದು ನನಗೆ ಈಗಲೂ ನೋವಾಗೋ ವಿಷಯ. ಬರೀ ಜಾಗ, ಮಳೆ ಅಂತ ಹೇಳಿ ಇದನ್ನ ಮುಚ್ಚಿಡಬಾರದು.

ಹಾಗಂತ ನಿಮ್ಮ ಪಕ್ಕದ ಮನೆಯವರು ಅಂಥೋರೇ ಅಂತ ನಾನು ಹೇಳ್ತಿಲ್ಲಮ್ಮ, ಪಂಚಮಿ ದಿನದ್ದು ನೂರಕ್ಕೆ ನೂರು ಬನದ ಗಡಿಬಿಡಿನೇ. ನನ್ನ ಅನುಭವದಲ್ಲಿ ಇಲ್ಲಿನವರು ಬೇಗ ಹತ್ತಿರ ಬರಲ್ಲ, ಆದ್ರೆ ಒಂದು ಕಷ್ಟ ಅಂದಾಗ ಮಾತಿಲ್ಲದೆ ನಿಂತ್ಕೋತಾರೆ. ನನ್ನ ಹೆರಿಗೆ ಟೈಮಲ್ಲಿ ಎದುರು ಮನೆ ಅಮ್ಮ, ಅಲ್ಲಿವರೆಗೆ ನಗೋದು ಬಿಟ್ರೆ ಮಾತೇ ಆಡಿರಲಿಲ್ಲ, ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಮಾಡಿ ಸ್ಟೀಲ್ ಕ್ಯಾರಿಯರಲ್ಲಿ ತಂದು ಜಗಲಿ ಮೇಲಿಟ್ಟು ಹೋಗೋರು, ಒಳಗೆ ಬನ್ನಿ ಅಂದ್ರೆ "ಬೇಡ, ನೀವು ಮಲಕ್ಕೊಳ್ಳಿ" ಅನ್ನೋರು.

ಒಂದು ಕಿವಿಮಾತು, ಹೋಗೋ ಮುಂಚೆ ಒಂದು ಫೋನ್ ಮಾಡಿ. ನಮ್ಮ ಕಡೆ, ನಿಮ್ಮ ಕಡೆ ಅದು ಅತಿ ಅನ್ನಿಸುತ್ತೆ, ಇಲ್ಲಿ ಅದೇ ಮರ್ಯಾದೆ. ಬರ್ತೀವಿ ಅಂತ ಮೊದಲೇ ಹೇಳಿದ್ರೆ ನೀರುದೋಸೆ ಹೊಯ್ದು, ಕಾಯಿಸಕ್ಕರೆ ಮಾಡಿ ಕಾಯ್ತಿರ್ತಾರೆ, ತಿನ್ನದೆ ಎದ್ದು ಬರೋಕೆ ಬಿಡಲ್ಲ.

ಸುರತ್ಕಲ್ ಗದಗಿನವ:
ತಂಗಿ, ಮಗಳಿಗೆ ತುಳು ಬರ್ಲಿ ಮೊದಲ. ಮನಿಗೆ ಮಂದಿ ತಾವ ಬರ್ತಾರ. ನಮ್ಮಲ್ಲಿ ಹಂಗ ಆತು.

ಪಡುಕಡಲು:
ಟೀಚರ್ ಹೇಳಿದ್ದು ಉಂಟು, ಇಲ್ಲ ಅಂತ ನಾನು ವಾದ ಮಾಡುದಿಲ್ಲ. ನಮ್ಮವರೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಪಾತ್ರೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದದ್ದು, ಹೊಟ್ಟೆಪಾಡಿಗೆ ಊರು ಬಿಡುದು ಅಂದ್ರೆ ಎಂತ ಅಂತ ಈ ಜಿಲ್ಲೆಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. ಹಾಗಿರುವಾಗ ಬಂದವರನ್ನು ನಾವು ಹಾಗೆ ನೋಡುದು ಸರಿಯೇ ಅಲ್ಲ.

ಗುಳೇದಗುಡ್ಡದ ಸೊಸಿ:
ಎಲ್ಲಾರಿಗೂ ಶರಣ್ರಿ. ಬನದ ಮಾತು ಅತ್ತಿಯವ್ರಿಗೆ ಓದಿ ಹೇಳಿದೆ. "ಉಪಾಸ ಇದ್ರಂತ ನೋಡ, ಪಾಪ" ಅಂದ್ರು, ಅಷ್ಟ. ಆದ್ರ ಸಂಜಿಮುಂದ ತಾವ ಕೇಳಿದ್ರು, ಕೇದಗಿ ಹೂವು ನಾಗಪ್ಪಗ ಯಾಕ ಏರಸ್ತಾರ, ಹಾಲು ಎಲ್ಲಿ ಎರೀತಾರ, ಮಣ್ಣಿನ ನಾಗಪ್ಪ ಮಾಡಂಗಿಲ್ಲೇನು, ಹೆಣ್ಮಕ್ಕಳು ತವರಿಗೆ ಬರಂಗಿಲ್ಲೇನು, ಜೋಕಾಲಿ ಕಟ್ಟಂಗಿಲ್ಲೇನು ಅಂತ. ಭಾಳ ದಿನದ ಮ್ಯಾಲೆ ಅಷ್ಟು ಮಾತಾಡಿದ್ದು ಅವ್ರು. ಭಜನಾ ಮಂದಿರ ನಮ್ಮ ರೋಡಿನ ತುದಿಗೇ ಐತಿ, ಮುಂದಿನ ಸಲ ಹೋಗತೀವ್ರಿ.

ಇನ್ನ ಎರಡು ಕೇಳೂದೈತಿ. ಊರಿಂದ ಬರೂಮುಂದ ಅತ್ತಿಯವ್ರು ಬಾಜೂ ಮನಿ ಮುತ್ತೈದೇರಿಗೆ ಅಂತ ಗುಳೇದಗುಡ್ಡ ಖಣ ತಂದಿಟ್ಟಾರ, ಶ್ರಾವಣದಾಗ ಕರದು ಉಡಿ ತುಂಬಬೇಕಂತ ಅವ್ರ ಆಸೆ. ಇಲ್ಲಿಯವ್ರು ಅದನ್ನ ಒಪ್ತಾರೇನ್ರಿ, ಏನಾರ ತಪ್ಪು ತಿಳ್ಕೊಂಡಾರ? ಎರಡನೇದು ರೊಟ್ಟಿದು. ಊರಾಗ ಕಟಿ ರೊಟ್ಟಿ ಬಡದು ಬುಟ್ಟಿಯಾಗ ಇಟ್ರ ತಿಂಗಳಾನುಗಟ್ಲೆ ಕಟಂ ಅಂತಾವು, ಇಲ್ಲಿ ಮೂರನೇ ದಿನಕ್ಕ ಮೆತ್ತಗಾಗಿ ಅಂಚಿಗೆ ಬೂಸ್ರು ಬರಾಕ್ಹತ್ತೇತಿ, ಹಿಟ್ಟೂ ಮುಗ್ಗಿದ ವಾಸನಿ. ಅತ್ತಿಯವ್ರು ರೊಟ್ಟಿ ಕೆಟ್ಟಿದ್ದು ನೋಡಿ ಕಣ್ಣೀರು ಹಾಕಿದ್ರು, ಒಂದೊಂದನ ಎತ್ತಿ ಸೆರಗಿಲೆ ಒರಸ್ತಿದ್ರು.

ಮಂಡ್ಯದ ಟೀಚರ್:
ಖಣ ಖಂಡಿತ ಕೊಡಿ. ಅರಿಶಿನ ಕುಂಕುಮ ಇಲ್ಲೂ ಇದೆ, ಶ್ರಾವಣದ ಶುಕ್ರವಾರ ಕರೆದ್ರೆ ಖುಷಿಯಿಂದ ಬರ್ತಾರೆ. ಮೊದಲು ನಾಲ್ಕೈದು ಮನೆಗಷ್ಟೇ ಹೇಳಿ, ಸಂಜೆ ಇಷ್ಟು ಗಂಟೆಗೆ ಅಂತ ಸರಿಯಾಗಿ ಟೈಮ್ ಹೇಳಿ. ಮುಸ್ಲಿಂ, ಕ್ರಿಶ್ಚಿಯನ್ ಮನೆ ಪಕ್ಕದಲ್ಲಿದ್ರೆ ಅವರಿಗೂ ಉಂಡೆ ಕಳಿಸಿ, ಇಲ್ಲಿ ಕ್ರಿಸ್‌ಮಸ್‌ಗೆ ಕುಸ್ವಾರ್ ಅನ್ನೋ ಹಬ್ಬದ ತಿಂಡಿಗಳ ತಟ್ಟೆ ನಿಮ್ಮ ಮನೆಗೂ ಬರುತ್ತೆ.

ಪಡುಕಡಲು:
ಉಡಿ ತುಂಬುವಾಗ ಯಾಕೆ ಹಾಗೆ ಮಾಡುದು ಅಂತ ಅತ್ತೆಯವರೇ ಎರಡು ಮಾತು ಹೇಳ್ಲಿ ಅಕ್ಕ. ನಮ್ಮ ಹಿರಿಯ ಹೆಂಗಸರಿಗೆ ಇಂಥದ್ದು ಕೇಳ್ಲಿಕ್ಕೆ ತುಂಬಾ ಇಷ್ಟ. ನಿಮ್ಮಲ್ಲಿ ಶೀಗಿ ಹುಣ್ಣಿಮೆಗೆ ಭೂಮಿ ಬಸುರಿ ಅಂತ ಹೊಲಕ್ಕೆ ಅಡಿಗೆಯ ಚರಗ ಚೆಲ್ಲುತ್ತಾರಲ್ಲ, ನಮ್ಮಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಅಂತ ಉಂಟು, ಭೂಮಿತಾಯಿ ಮುಟ್ಟಾಗುದು, ಮೂರು ದಿನ ನೇಗಿಲು ಹಾರೆ ಮಣ್ಣಿಗೆ ತಾಗಿಸ್ಲಿಕ್ಕಿಲ್ಲ, ಕೊನೆಯ ದಿನ ಎಣ್ಣೆ, ಸೀಗೆ, ಅರಶಿನ ಇಟ್ಟು ಅವಳಿಗೆ ಸ್ನಾನ. ನನ್ನ ಅಮ್ಮನಿಗೆ ನಿಮ್ಮ ಚರಗದ ಕಥೆ ಹೇಳಿದಾಗ ಅವರು ಮತ್ತೆ ಮತ್ತೆ ಕೇಳಿದ್ದರು. ನಿಮ್ಮ ಅತ್ತೆಯೂ ಪಕ್ಕದ ಮನೆಯ ಅಜ್ಜಿಯೂ ಕೂತು ಇಂಥ ಮಾತು ಶುರು ಮಾಡಿದ್ರೆ ಅರ್ಧ ತುಳು ಅರ್ಧ ಕನ್ನಡದಲ್ಲಿ ಸಂಜೆ ಆಗುದೇ ಗೊತ್ತಾಗ್ಲಿಕ್ಕಿಲ್ಲ.

ಸುರತ್ಕಲ್ ಗದಗಿನವ:
ರೊಟ್ಟಿದು ನಾ ಹೇಳ್ತೀನಿ. ಬುಟ್ಟಿ ಬಿಡ್ರಿ, ಇಲ್ಲಿ ಮಳಿಗಾಲದಾಗ ಬುಟ್ಟಿ ನಡಿಯಂಗಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತಗೋರಿ, ರೊಟ್ಟಿ ಪೂರ್ತಿ ಆರಿದ ಮ್ಯಾಲೆ ಹಾಕ್ರಿ, ಬಿಸಿ ಇದ್ದಾಗ ಹಾಕಿದ್ರ ಒಳಗ ಬೆವತು ಕೆಡತಾವು. ಒಂದ ಸಲ ಭಾಳ ಬಡೀಬ್ಯಾಡ್ರಿ, ಎರಡು ದಿನಕ್ಕಾಗೂವಷ್ಟ. ಬೂಸ್ರು ಬಂದಿದ್ದು ಒರಸಿ ತಿನ್ನಬ್ಯಾಡ್ರಿ, ಹೊಟ್ಟಿ ಕೆಡತೈತಿ, ಅತ್ತಿಯವ್ರಿಗೆ ಇದನ್ನ ಗಟ್ಟಿ ಹೇಳ್ರಿ. ಹಿಟ್ಟು ಊರಿಂದ ತರಸೂದು ಬಿಟ್ಟು ಜ್ವಾಳ ತರಸ್ರಿ, ಕಾಳು ತಡೀತಾವು, ಹಿಟ್ಟು ತಡಿಯಂಗಿಲ್ಲ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬೀಸಿಸ್ರಿ. ಇಲ್ಲಿ ಗಿರಣಿಯಾಗ ಒಮ್ಮೊಮ್ಮೆ ಮೆಣಸಿನಕಾಯಿ ಬೀಸಿದ ಕಲ್ಲಿಗೇ ಹಾಕಿಬಿಡ್ತಾರ, ಮೊದಲ ಕೇಳ್ರಿ, ಇಲ್ಲಾಂದ್ರ ಹಿಟ್ಟೆಲ್ಲ ಖಾರ. ಮಲ್ಪೆ, ಉಡುಪಿ ಕಡೆ ನಮ್ಮ ಮಂದಿ ಇರೂ ಏರಿಯಾದಾಗ ಕಿರಾಣಿ ಅಂಗಡಿಯವ್ರು ಬಿಳಿಜ್ವಾಳ ಇಟ್ಟಿರ್ತಾರ, ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ ಸೈತ ಸಿಗತೈತಿ. ಅಲ್ಲಿಗೆ ಅತ್ತಿಯವ್ರನ್ನೂ ಕರ್ಕೊಂಡು ಹೋಗ್ರಿ, ಬಾದಾಮಿ ಕಡೆಯವ್ರು ಯಾರಾರ ಸಿಕ್ಕ ಸಿಗ್ತಾರ. ಕಟಿ ರೊಟ್ಟಿ ನವರಾತ್ರಿ ದಾಟಿದ ಮ್ಯಾಲೆ ಮಾಡ್ರಿ, ಆವಾಗ ಬಿಸಲು ಬೀಳತೈತಿ. ಅಲ್ಲಿತನಕ ಬಿಸಿ ರೊಟ್ಟಿ.