ವಾರದ ರಜೆ ಆದಿತ್ಯವಾರವೇ ಆಗಬೇಕು ಅಂತ ಕಾನೂನು ಬೇಕಾ?

ಸೀರೆ ಕೌಂಟರ್, ಮಂಗಳೂರು

ಹಂಪನಕಟ್ಟೆಯ ಒಂದು ಜವುಳಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಸೀರೆ ಕೌಂಟರಿನಲ್ಲಿದ್ದೇನೆ. ಇಷ್ಟು ದಿನ ಆದಿತ್ಯವಾರ ಬಾಗಿಲು ಹಾಕುತ್ತಿದ್ದೆವು. ಮೂರು ತಿಂಗಳಿಂದ ಧಣಿಗಳು ಏಳೂ ದಿನ ತೆರೆಯುತ್ತಿದ್ದಾರೆ. ನಾವು 14 ಜನ, ಸರದಿ ರಜೆ. ನನಗೆ ಸಿಕ್ಕಿದ್ದು ಮಂಗಳವಾರ. ಸಂಬಳ ಕಡಿಮೆ ಆಗಿಲ್ಲ, ರಜೆಯೂ ತಪ್ಪಿಲ್ಲ. ಹಾಗಾಗಿ ದೂರು ಹೇಳಲು ಬಾಯಿಯೇ ಬರುವುದಿಲ್ಲ.

ಆದರೆ ಮಂಗಳವಾರ ಮನೆಯಲ್ಲಿ ಯಾರಿರುತ್ತಾರೆ? ಮಗ ಶಾಲೆಗೆ, ಇವರು ಬೈಕಂಪಾಡಿಗೆ ಕೆಲಸಕ್ಕೆ. ನಾನು ಮತ್ತು ವಾಷಿಂಗ್ ಮೆಷಿನ್. ಆದಿತ್ಯವಾರ ಅಪ್ಪ ಮಗ ಕೋಳಿ ಸಾರು ಮಾಡಿ ಉಣ್ಣುತ್ತಾರೆ, ನನ್ನ ಪಾಲು ರಾತ್ರಿಗೆ ಮುಚ್ಚಿಟ್ಟಿರುತ್ತಾರೆ. ತವರಿನ ಕಡೆಯ ಎರಡು ಮದುವೆ ಊಟ ಆಗಲೇ ತಪ್ಪಿತು. ಆದಿತ್ಯವಾರವನ್ನೇ ಕಡ್ಡಾಯ ರಜೆ ಮಾಡಬಾರದಾ?

ದೋಸೆ ಕಾವಲಿ, ಉಡುಪಿ

ಅಕ್ಕ, ನಾನು ರಥಬೀದಿ ಹತ್ತಿರ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಆದಿತ್ಯವಾರ ಕೃಷ್ಣಮಠಕ್ಕೆ ಬಂದವರೆಲ್ಲ ಮತ್ತೆ ನಮ್ಮಲ್ಲಿಗೇ. 18 ವರ್ಷದಲ್ಲಿ ಒಂದು ಆದಿತ್ಯವಾರ ಮನೆಯಲ್ಲಿ ಕೂತದ್ದು ನೆನಪಿಲ್ಲ. ಕಾನೂನು ಬಂದರೂ ಹೋಟೆಲು, ಬಸ್ಸು, ಆಸ್ಪತ್ರೆ ಹೊರಗೆ ಬಿಡುತ್ತಾರೆ. ಆಗ ನನ್ನ ಕೆಲಸ ಡಬಲ್. ನೀವು ಮಗನನ್ನು ಕರಕೊಂಡು ಮಸಾಲೆ ದೋಸೆಗೆ ಬರುವುದೂ ಆವತ್ತೇ ಅಲ್ವಾ? ಸಿಟ್ಟಿನಿಂದ ಹೇಳಿದ್ದಲ್ಲ. ಬನ್ನಿ.

ಟೈಮ್ ಆಫೀಸ್ (ನಿವೃತ್ತ)

ನಾನು ಫ್ಯಾಕ್ಟರಿಯಲ್ಲಿ ಹಾಜರಿ ಬರೆಯುತ್ತಿದ್ದವ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ಮೊದಲ ದಿನವೇ ರಜೆ, ಅಂದರೆ ಆದಿತ್ಯವಾರ. ಆವತ್ತು ಕರೆದರೆ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಡಬೇಕಿತ್ತು. ಅಂಗಡಿಗಳ ಲೆಕ್ಕ ಬೇರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ರಜೆ ಕೊಡಿ ಅನ್ನುತ್ತದೆ, ಯಾವ ದಿನ ಅಂತ ಹೇಳುವುದಿಲ್ಲ. 2021ರ ಜನವರಿಯಲ್ಲಿ, 10 ಅಥವಾ ಜಾಸ್ತಿ ಕೆಲಸಗಾರರಿರುವ ಅಂಗಡಿಗಳು ಏಳೂ ದಿನ ತೆರೆಯಬಹುದು ಅಂತ ಸರಕಾರ ಆದೇಶ ಮಾಡಿತು. ಅದರಲ್ಲಿ ಶರತ್ತು ಉಂಟು: ಪ್ರತಿಯೊಬ್ಬರಿಗೂ ಸರದಿ ರಜೆ, ಯಾರಿಗೆ ಯಾವತ್ತು ರಜೆ ಅಂತ ಕಾಣುವ ಜಾಗದಲ್ಲಿ ಹಾಕಬೇಕು. ಸರದಿ ಅಂದರೆ ಸುತ್ತಬೇಕು ಮಾರಾಯ್ರೆ. ನಿಮ್ಮದು ಮಂಗಳವಾರಕ್ಕೇ ಎಂತ ಅಂಟಿಕೊಂಡದ್ದು?

ದುಬೈಯಿಂದ ಬಂದವ

ಅಲ್ಲಿ ನನಗೆ 11 ವರ್ಷ ಶುಕ್ರವಾರ ರಜೆ. ಊರಿಗೆ ಫೋನ್ ಮಾಡಿದರೆ ಎಲ್ಲರೂ ಕೆಲಸದಲ್ಲಿ. 2022ರಲ್ಲಿ ಅಲ್ಲಿಯ ಸರಕಾರಿ ಕಚೇರಿಗಳಿಗೆ ಶನಿವಾರ, ಆದಿತ್ಯವಾರ ರಜೆ ಆಯಿತು, ಶುಕ್ರವಾರ ಅರ್ಧ ದಿನ. ನಮ್ಮ ಕಂಪನಿಯೂ ಹಾಗೇ ಮಾಡಿತು. ಆಮೇಲೆಯೇ ತಂಗಿ ಮಕ್ಕಳ ಧ್ವನಿ ಸರಿಯಾಗಿ ಕೇಳಿದ್ದು. ಅಕ್ಕ ಹೇಳುವುದು ನನಗೆ ಗೊತ್ತಾಗುತ್ತದೆ.

ಸೀರೆ ಕೌಂಟರ್, ಮಂಗಳೂರು

ದೋಸೆ ಅಣ್ಣ, ಸರಿಯಾಗಿಯೇ ಚುಚ್ಚಿದಿರಿ. ಮಗನ ಶಾಲೆ ಶೂ ತೆಗೆದದ್ದು ಮಾಲಿನಲ್ಲಿ, ಆದಿತ್ಯವಾರ ಸಂಜೆ. ಬಿಲ್ ಮಾಡಿದ ಹುಡುಗಿಯ ಮುಖ ಕೂಡ ನೋಡಿರಲಿಲ್ಲ. ಊರಿಡೀ ಬಾಗಿಲು ಹಾಕಿ ಅನ್ನುವ ಧೈರ್ಯ ಈಗ ಇಲ್ಲ. ಆದರೆ ತಿಂಗಳಿಗೆ ಒಂದಾದರೂ ಆದಿತ್ಯವಾರ ಅಂತ ಕಾನೂನಿನಲ್ಲಿ ಬರೆದಿರಬೇಕು, ಧಣಿಗಳ ಮನಸ್ಸಿಗೆ ಬಿಡಬಾರದು.

ಸರದಿ ಸುತ್ತಬೇಕು ಅನ್ನುವುದನ್ನು ನಿನ್ನೆ ಅಂಗಡಿಯಲ್ಲಿ ಎತ್ತಿದೆ. ಕುಲಶೇಖರದ ಗೆಳತಿಗೆ ಆದಿತ್ಯವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬೆಳಗ್ಗಿನ ಪೂಜೆ ಸಿಕ್ಕಿದರೆ ಸಾಕು, ಹನ್ನೊಂದಕ್ಕೆ ಬರುತ್ತಾಳಂತೆ. ಬಂದರಿನ ಹುಡುಗನಿಗೆ ಶುಕ್ರವಾರ ಬೇಕು. ಮಂಗಳವಾರ ಮಾತ್ರ ಯಾರಿಗೂ ಬೇಡ. ಚೀಟಿ ಎತ್ತುವುದಾ ಅಂತ ಮಾತಾಗುತ್ತಿದೆ.